ಹೊಂಬಾಳಸಮುದ್ರದಡಿಯ ಹಳೆಯ ಎಣ್ಣೆ ಕೊಳವೆಯನ್ನು ನಿಲ್ಲಿಸುವ ಬಗ್ಗೆ

ಸುತ್ತೋಲೆ

ಸಂಖ್ಯೆ: ಸ.ಎ.ಕೊ/ಮಂ/ನಿಲುಗಡೆ/73-74
ಮಂಡ್ಯ, ದಿನಾಂಕ 18-3-1974

(ಹಳೆಯ ಕಾಗದ ಮುಗಿಯುವವರೆಗೂ ತಲೆಬರಹದಲ್ಲಿರುವ ರಾಜ್ಯದ ಹೆಸರನ್ನು ಓದುವವರೇ ತಿದ್ದಿಕೊಳ್ಳತಕ್ಕದ್ದು.)

ವಿಷಯ: ಮದ್ದೂರು ತಾಲ್ಲೂಕು ಕೊಪ್ಪದ ಬಳಿಯ ಹೊಂಬಾಳಸಮುದ್ರದ ತಳದಲ್ಲಿ ಹಾದುಹೋಗಿರುವ ವಯಸ್ಸಾದ ಎಣ್ಣೆ ಕೊಳವೆಯನ್ನು ಸ್ಥಗಿತಗೊಳಿಸುವ ಬಗ್ಗೆ, ಮತ್ತು ಸದರಿ ಕೊಳವೆಯಲ್ಲಿ ಸಿಕ್ಕಿಕೊಂಡಿರುವ ಅರ್ಧ ಮಾತಿನ ವಿಲೇವಾರಿ ಬಗ್ಗೆ.

ಉಲ್ಲೇಖ:
(1) ಸಮುದ್ರದಡಿಯ ಹಳೆಯ ಎಣ್ಣೆ ಕೊಳವೆಗಳ ಬಗ್ಗೆ ಮುಖ್ಯ ಕಚೇರಿಯ ಆದೇಶ.
(2) ಸಹಾಯಕ ಇಂಜಿನಿಯರ್ ಶ್ರೀ ಕಸ್ತೂರಿರಂಗ ಅವರ ತಪಾಸಣಾ ವರದಿ.
(3) ಸದರಿಯವರ ತಿದ್ದುಪಡಿ ವರದಿ.
(4) ಕೊಳವೆಯ ಕಾವಲುಗಾರ ಅಂಕಯ್ಯನವರ ಬಾಯಿಮಾತಿನ ಹೇಳಿಕೆ.

ಇಲಾಖೆಯ ಸಮಸ್ತ ಸಿಬ್ಬಂದಿಯ ಮತ್ತು ಹೊಂಬಾಳಸಮುದ್ರದ ಎರಡೂ ದಂಡೆಯ ಸಾರ್ವಜನಿಕರ ಗಮನಕ್ಕೆ ಈ ಕೆಳಕಂಡ ಸಂಗತಿಗಳನ್ನು ತರಲಾಗಿದೆ.

1. ಎಣ್ಣೆಗೆ ಅಭಾವ ಬಂದಿರುವುದರಿಂದ, ಸಮುದ್ರದಡಿಯ ಹಳೆಯ ಕೊಳವೆಗಳು ಸೋರಿ ನಷ್ಟವಾಗದಂತೆ ಅವನ್ನೆಲ್ಲ ಆರ್ಥಿಕ ವರ್ಷ ಮುಗಿಯುವುದರೊಳಗೆ ನಿಲ್ಲಿಸಬೇಕೆಂದು ಮುಖ್ಯ ಕಚೇರಿ ಆದೇಶಿಸಿತು. ಮಂಡ್ಯ ಜಿಲ್ಲೆಯಲ್ಲಿ ಸಮುದ್ರ ಇರುವುದಿಲ್ಲವೆಂದು ಈ ಕಚೇರಿ ವಿನಯಪೂರ್ವಕ ತಿಳಿಸಿತು. ನಕ್ಷೆಯಲ್ಲಿ ಹೊಂಬಾಳಸಮುದ್ರ ಎಂದು ಸ್ಪಷ್ಟವಾಗಿ ಅಚ್ಚಾಗಿರುವಾಗ ಸಮುದ್ರವನ್ನು ಇಷ್ಟು ವರ್ಷ ಮರೆಮಾಚಿದ್ದೇಕೆಂದು ಮುಖ್ಯ ಕಚೇರಿ ವಿವರಣೆ ಕೇಳಿತು. ಅದು ಕೆರೆಯೆಂದೂ, ದೊಡ್ಡ ಕೆರೆಗಳನ್ನು ಸಮುದ್ರವೆಂದು ಕರೆಯುವುದು ಈ ಸೀಮೆಯ ವಾಡಿಕೆಯೆಂದೂ ಬರೆಯಲಾಯಿತು. ವಾಡಿಕೆಗೆ ನಿಯಮಾವಳಿಯಲ್ಲಿ ಅವಕಾಶವಿಲ್ಲವೆಂದು ಉತ್ತರ ಬಂದಿತು. ಆದ್ದರಿಂದ ಸದರಿ ಕೆರೆಯು ಸಮುದ್ರವಾಗಿರುತ್ತದೆ.

2. ಸಮುದ್ರದಡಿಯಲ್ಲಿ ಕೊಳವೆ ಇರುವುದಂತೂ ನಿಜ. ಹಿಂದಿನ ಮಹಾಯುದ್ಧದಲ್ಲಿ ಸೀಮೆಎಣ್ಣೆ ಸಿಗದಿದ್ದಾಗ, ಮೂಡಲಕೊಪ್ಪಲಿನ ಮಿಲ್ಲಿನಲ್ಲಿ ತೆಗೆದ ಹೊಂಗೆ ಎಣ್ಣೆಯನ್ನು ಎದುರು ದಂಡೆಯ ಪಡುವಲಕೊಪ್ಪಲಿನಲ್ಲಿದ್ದ ನೀರೆತ್ತುವ ಎಂಜಿನಿಗೆ ಸಾಗಿಸಲು ಈ ಕಬ್ಬಿಣದ ಕೊಳವೆ ಹಾಕಲಾಯಿತು. ಆಮೇಲೆ ಊರಿಗೆ ಕರೆಂಟು ಬಂದಿತು, ಎಂಜಿನು ನಿಂತಿತು, ಮಿಲ್ಲು ಬಾಗಿಲು ಹಾಕಿತು. ಕೊಳವೆಯನ್ನು ನಿಲ್ಲಿಸಲು ಮಾತ್ರ ಯಾರೂ ಆದೇಶ ಮಾಡದ ಕಾರಣ ಅದು ಎಣ್ಣೆಯಿಲ್ಲದೆಯೇ ಚಾಲನೆಯಲ್ಲಿರುತ್ತದೆ.

3. ಕೊಳವೆಯ ಮೂಡಲ ಬಾಯಿ ಬೋರಯ್ಯನವರ ಹಿತ್ತಲಿಗೂ, ಪಡುವಲ ಬಾಯಿ ಹೊನ್ನಯ್ಯನವರ ದನದ ಕೊಟ್ಟಿಗೆಗೂ ಹತ್ತಿರವಿರುತ್ತದೆ. ಇವರಿಬ್ಬರೂ ಷಡ್ಡಕರು. ಮಳವಳ್ಳಿ ಕಡೆಯ ಒಂದೇ ಮನೆಯ ಹೆಣ್ಣುಮಕ್ಕಳಲ್ಲಿ ಹಿರಿಯಳಾದ ಮಾಯಮ್ಮನನ್ನು ಬೋರಯ್ಯನೂ, ಕಿರಿಯಳಾದ ಚಲುವಮ್ಮನನ್ನು ಹೊನ್ನಯ್ಯನೂ ಮದುವೆಯಾಗಿರುತ್ತಾರೆ. ಬೋರಯ್ಯನ ಮಗನ ಮದುವೆಯ ಬೀಗರೂಟದಲ್ಲಿ ಹೊನ್ನಯ್ಯನು ಎಲೆಯ ಮುಂದೆ ಕುಳಿತು, “ಏನ್ಲಾ ಬೋರ, ಮುದ್ದೇಲಿ ಬರೀ ಗಂಟು! ನಿಮ್ಮೂರಲ್ಲಿ ಮುದ್ದೆ ತಿರುವಾಕೆ ಯಾರ್ಗೂ ಬರಾಕಿಲ್ವಾ?” ಎಂದು ಕೇಳಿದ್ದೂ, “ಗಂಟಿರೋದು ನಿನ್ ಗಂಟ್ಲಲ್ಲಿ ಕಣ್ಲಾ, ಎದ್ದೋಗು” ಎಂದು ಬೋರಯ್ಯನು ಹೇಳಿದ್ದೂ ಎರಡೂ ಊರಿಗೆ ತಿಳಿದ ವಿಚಾರ. ಹೊನ್ನಯ್ಯನು ಎದ್ದುಹೋದನು. ಅಂದಿನಿಂದ ಒಬ್ಬರ ಮನೆಯವರು ಇನ್ನೊಬ್ಬರ ಹೊಸಲು ತುಳಿಯಕೂಡದೆಂದು ಇಬ್ಬರೂ ಹಟ ಹಿಡಿದರು. ಮುದ್ದೆ ಉಣ್ಣದಿದ್ದ ಅಕ್ಕ ತಂಗಿಯರಿಗೂ ಇದು ಅನ್ವಯಿಸಿತು. ಕೆರೆಯ ಏರಿಯ ಮೇಲೆ ನಡೆದರೆ ಎರಡೂ ಊರಿಗೆ ಕಾಣುತ್ತಿದ್ದುದರಿಂದ ಅವರಿಗೆ ಬೇರೆ ದಾರಿ ಇರಲಿಲ್ಲ.

4. ಹೀಗಿರುವಲ್ಲಿ ಒಂದು ದಿನ ಚಲುವಮ್ಮನು ಕೊಟ್ಟಿಗೆ ಬಳಿಯುತ್ತಿದ್ದಾಗ, ಕೊಳವೆಯೊಳಗಿನಿಂದ ಯಾರೋ ಕೋಳಿಯನ್ನು ಬೈಯುವುದು ಕೇಳಿಬಂತು. ಬೈಗುಳದ ವರಸೆಯಿಂದಲೇ ಅದು ತನ್ನ ಅಕ್ಕನೆಂದು ಅವಳಿಗೆ ಗೊತ್ತಾಯಿತು. “ಅಕ್ಕೋ!” ಎಂದಳು. ಆ ಕಡೆ ಬೈಗುಳ ನಿಂತಿತು. “ಚಲುವಾ? ಎಲ್ಲಿದ್ದೀಯೆ?” ಎಂದು ಬಂತು. ಇಬ್ಬರೂ ಬಹಳ ಹೊತ್ತು ಅತ್ತರೆಂದೂ, ಆ ಬಳಿಕ ಗಂಡಂದಿರು ಗದ್ದೆಗೆ ಹೋದಾಗಲೆಲ್ಲ ಕೊಳವೆಯ ಬಳಿ ಕೂರುತ್ತಿದ್ದರೆಂದೂ ಅಂಕಯ್ಯನವರು ತಿಳಿಸಿರುತ್ತಾರೆ. ಮೊದಲೇ ಏಕೆ ವರದಿ ಮಾಡಲಿಲ್ಲವೆಂದು ಕೇಳಲಾಗಿ, “ನಂಗೆ ಎಣ್ಣೆ ಕಾಯಾಕೇಳವ್ರೆ ಸ್ವಾಮಿ, ಹೆಂಗಸ್ರ ಮಾತ್ನಲ್ಲ” ಎಂದಿರುತ್ತಾರೆ.

5. ಕೊಳವೆ ಬರಿದಾಗಿದೆಯೆಂದು ದೃಢೀಕರಿಸಲು ಶ್ರೀ ಕಸ್ತೂರಿರಂಗ ಅವರನ್ನು ಕಳಿಸಲಾಯಿತು. ಇವರು ಮಂಡ್ಯದಲ್ಲೇ ಹುಟ್ಟಿ ಬೆಳೆದವರು, ಕೆಲಸಕ್ಕೆ ಹೊಸಬರು, ನಿಯಮವನ್ನು ನಂಬುವವರು. ಅವರು ಮೂಡಲ ಬಾಯಿಗೆ ಬಂದಾಗ ಅಲ್ಲಿ ಯಾರೂ ಇರಲಿಲ್ಲ. ಮಾಯಮ್ಮನು ಒಲೆ ನೋಡಲು ಒಳಗೆ ಹೋಗಿದ್ದಳು. ಅವರು ಕೊಳವೆಗೆ ಕಿವಿಗೊಟ್ಟರು. “ಉಪ್ಸಾರು ಆಯ್ತಾ ಅಕ್ಕ? ನಮ್ದು ಇವತ್ತು ಬಸ್ಸಾರು ಕಣಕ್ಕ” ಎಂದು ಕೇಳಿಸಿತು. ಅವರು ಆ ದಿನವೇ ಕಚೇರಿಗೆ ಬರೆದ ವರದಿ ಹೀಗಿರುತ್ತದೆ: “ಕೊಳವೆಯಲ್ಲಿ ಎಣ್ಣೆ ಇಲ್ಲ. ಬಸ್ಸಾರು ಇದೆ.”

6. ಎಣ್ಣೆ ಕೊಳವೆಯೊಳಕ್ಕೆ ಬಸ್ಸಾರು ಯಾರ ಅನುಮತಿಯಿಂದ ಬಂತು, ಯಾವ ಸೊಪ್ಪಿನದು, ಎಷ್ಟು ಕಾಲದಿಂದ ಹರಿಯುತ್ತಿದೆ ಎಂದು ಈ ಕಚೇರಿ ಅವರಿಂದ ಸಮಜಾಯಿಷಿ ಕೇಳಿತು. ಅವರು ಎರಡನೆಯ ಸಲ ಹೋಗಿ ಬಂದು, “ಬಸ್ಸಾರು ಇಲ್ಲ. ಬಸ್ಸಾರಿನ ಬಗ್ಗೆ ಮಾತು ಇದೆ” ಎಂದು ತಿದ್ದುಪಡಿ ಮಾಡಿದರು. ಒಳಗೆ ಸರಕು ಹರಿಯುತ್ತಿರುವಾಗ ಕೊಳವೆಯನ್ನು ಮುಚ್ಚುವುದು ನಿಯಮಬಾಹಿರ. ಸರಕು ಎಂದರೆ ಎಣ್ಣೆಯೇ ಆಗಬೇಕೆಂದು ನಿಯಮದಲ್ಲಿ ಎಲ್ಲಿಯೂ ಹೇಳಿರುವುದಿಲ್ಲ. ಆದ್ದರಿಂದ ಮೊದಲು ಮಾತನ್ನು ಖಾಲಿ ಮಾಡಿಸುವಂತೆ ಅವರಿಗೆ ಸೂಚಿಸಲಾಯಿತು.

7. ಅವರು ಮೂರನೆಯ ಸಲ ಹೋಗಿ, ಮೂಡಲ ದಂಡೆಯಲ್ಲಿ ಕೊಳವೆಗೆ ಬಾಯಿಟ್ಟು, “ಅಮ್ಮಾ, ನಾನು ಇಲಾಖೆಯಿಂದ ಮಾತಾಡ್ತಿದ್ದೀನಿ. ದಯವಿಟ್ಟು ನಿಮ್ಮ ಮಾತು ಬೇಗ ಮುಗಿಸಿ” ಎಂದರು. ಆ ಕಡೆಯಿಂದ ಚಲುವಮ್ಮನು ಗಾಬರಿಯಾಗಿ, “ಅಯ್ಯೋ, ಯಾರಪ್ಪ ನೀನು? ಪೈಪೊಳ್ಗೆ ಎಂಗೆ ಸಿಕ್ಕಾಕಂಡೆ? ಉಸ್ರಾಡ್ತದಾ?” ಎಂದು ಕೇಳಿದಳು. ತಾನು ಸಿಕ್ಕಿಕೊಂಡಿಲ್ಲವೆಂದು ಶ್ರೀ ಕಸ್ತೂರಿರಂಗ ವಿವರಿಸುವುದರೊಳಗೆ ಅವಳು ಬೀದಿಗೆ ಓಡಿ, ಇಲಾಖೆಯವರೊಬ್ಬರು ಕೆರೆಯಡಿ ಪೈಪಿನಲ್ಲಿ ಸಿಕ್ಕಿಬಿದ್ದಿದ್ದಾರೆಂದು ಕೂಗಿದಳು. ಪಡುವಲಕೊಪ್ಪಲಿನವರು ಹಗ್ಗ, ಗುದ್ದಲಿ, ಒಂದು ಚೊಂಬು ಮಜ್ಜಿಗೆ ಹಿಡಿದು ಬಂದರು. ಮಜ್ಜಿಗೆಯನ್ನು ಕೊಳವೆಗೆ ಸುರಿಯಲಾಯಿತು. ಅದು ಇಳಿಜಾರಿನಲ್ಲಿ ಕೆಳಗೆ ನಿಂತುಬಿಟ್ಟಿತು. ಇದನ್ನು ಸರಕೆಂದು ಪರಿಗಣಿಸಬೇಕೇ ಬೇಡವೇ ಎಂಬುದು ಪ್ರತ್ಯೇಕ ಕಡತದಲ್ಲಿ ಪರಿಶೀಲನೆಯಲ್ಲಿದೆ.

8. ಗುಂಪಿನಲ್ಲಿ ಹೊನ್ನಯ್ಯನೂ ಇದ್ದನು. “ಅದ್ಸರಿ ಕಣೆ, ನೀನ್ಯಾಕೆ ಪೈಪ್ ತಾವ ಕುಂತಿದ್ದೆ?” ಎಂದು ಅವನು ಹೆಂಡತಿಯನ್ನು ಕೇಳಿದನು. ಅಷ್ಟರಲ್ಲಿ ಕೊಳವೆಯಿಂದಲೇ, “ಚಲುವಾ, ಅದ್ಯಾರೇ ನಮ್ಮಿತ್ಲಲ್ಲಿ ಷರಾಯಿ ಆಕ್ಕಂಡು ನಿಂತವ್ರೆ?” ಎಂದು ಮಾಯಮ್ಮನ ಧ್ವನಿ ಬಂದು, ಗುಟ್ಟು ರಟ್ಟಾಯಿತು. ಕೊಳವೆಯನ್ನು ಕೂಡಲೇ ಮುಚ್ಚಬೇಕೆಂದು ಹೊನ್ನಯ್ಯನು ಈ ಕಚೇರಿಗೆ ಬಂದು ಕೇಳಿಕೊಂಡನು. ಅದೇ ದಿನ ಬೋರಯ್ಯನೂ ಬಂದು ಅದನ್ನೇ ಕೇಳಿಕೊಂಡನು. ಇಬ್ಬರೂ ಒಂದೇ ಬೆಂಚಿನ ಎರಡು ತುದಿಗಳಲ್ಲಿ, ಒಬ್ಬರನ್ನೊಬ್ಬರು ನೋಡದೆ, ಬೇರೆಬೇರೆ ಗೋಡೆಗಳನ್ನು ನೋಡಿಕೊಂಡು ಕಾದರು. ಸಾರ್ವಜನಿಕರಿಂದ ಇಷ್ಟು ಒಮ್ಮತದ ಬೇಡಿಕೆ ಇಲಾಖೆಗೆ ಹಿಂದೆಂದೂ ಬಂದಿರಲಿಲ್ಲವಾದ್ದರಿಂದ ಮಾತು ಖಾಲಿಯಾಗುವವರೆಗೆ ಕಾಯುವುದನ್ನು ಕೈಬಿಡಲಾಯಿತು.

9. ಪಡುವಲ ಬಾಯಿಯ ಬಳಿಯಿರುವ ವಾಲ್ವು ತುಕ್ಕು ಹಿಡಿದಿತ್ತು. ಅದನ್ನು ತಿರುಗಿಸಿ ಮುಗಿಸುವವರೆಗೆ ಅಕ್ಕ ತಂಗಿಯರು ಮಾತಾಡಿಕೊಳ್ಳಬಹುದೆಂದು ಶ್ರೀ ಕಸ್ತೂರಿರಂಗ ಅವಕಾಶ ಕೊಟ್ಟರು. ವಾಲ್ವು ತಿರುಗುವುದೇ ಇಲ್ಲವೆಂದು ತಾವು ನಂಬಿದ್ದಾಗಿ ಅವರು ಆಮೇಲೆ ಒಪ್ಪಿಕೊಂಡಿರುತ್ತಾರೆ. ಅಂಕಯ್ಯನವರು ಸಲಾಕೆ ಹಾಕಿ ಮೀಟತೊಡಗಿದರು. ಚಲುವಮ್ಮನು ಕೊಳವೆಗೆ ಕಿವಿಯಿಟ್ಟು ಕುಳಿತಳು. ಮಾಯಮ್ಮನು ಆ ಕಡೆಯಿಂದ, “ಭಯ ಬೀಳ್ಬೇಡ ಕಣೆ ಚಲುವಾ, ನಾಳೀಕೆ ಮಂಡ್ಯ ಆಸ್ಪತ್ರೇಲಿ ನನ್ನ...” ಎಂದಳು. ಅಷ್ಟರಲ್ಲಿ ವಾಲ್ವು ಕಿರ್ರೆಂದು ತಿರುಗಿ ಮುಚ್ಚಿಕೊಂಡಿತು. ಅದರ ಹಿಡಿ ಮುರಿದು ಅಂಕಯ್ಯನವರ ಕೈಗೆ ಬಂತು.

10. “ತಗೀರಿ ಸ್ವಾಮಿ! ನಮ್ಮಕ್ಕಂಗೇನೋ ಆಗದೆ! ಆಸ್ಪತ್ರೆಗೆ ಸೇರಿಸ್ತಾವ್ರೆ!” ಎಂದು ಚಲುವಮ್ಮನು ಕೈಮುಗಿದಳು. ಶ್ರೀ ಕಸ್ತೂರಿರಂಗ ಅವರು ಮುರಿದ ಹಿಡಿಯನ್ನೂ ಅವಳನ್ನೂ ನೋಡಿ, “ಆದೇಶ ಮುಚ್ಚೋದಕ್ಕೆ ಮಾತ್ರ ಇದೆಯಮ್ಮ, ತೆಗೆಯೋದಕ್ಕೆ ಇಲ್ಲ” ಎಂದರು. ಹೀಗೆ ಹೇಳಿದವರೇ ಆ ಹಿಡಿಯನ್ನು ವಾಲ್ವಿಗೆ ಮತ್ತೆ ಕೂರಿಸಲು ಹೆಣಗಿದರೆಂದು ಅಂಕಯ್ಯನವರು ಹೇಳಿರುತ್ತಾರೆ. ಆದೇಶವಿಲ್ಲದೆ ಹೆಣಗಿದ್ದರ ಬಗ್ಗೆ ಅವರಿಂದ ವಿವರಣೆ ಕೇಳಲಾಗಿದೆ.

11. ಚಲುವಮ್ಮನು ಸೆರಗು ಸಿಕ್ಕಿಸಿ, ಹಾಡಹಗಲಲ್ಲೇ ಏರಿಯ ಕಡೆ ಹೊರಟಳು. ಹೊನ್ನಯ್ಯನು ಅಡ್ಡ ನಿಂತು, “ಲೇ, ಏರಿ ಅತ್ತಬ್ಯಾಡ! ಅತ್ತಿದ್ರೆ ತಿರ್ಗ ಮನೆಗೆ ಬರ್ಬ್ಯಾಡ!” ಎಂದನು. “ಬರಾಕಿಲ್ಲ ಬುಡು!” ಎಂದು ಅವಳು ನಿಲ್ಲದೆ ಏರಿ ಹತ್ತಿದಳು. ಗಂಡನ ಎದುರು ಅವಳು ಹಾಗೆ ಮಾತಾಡಿದ್ದು ಅದೇ ಮೊದಲು. ಅವನು ಅವಳ ಹಿಂದೆಯೇ ನಡೆದು, ಏರಿಯ ಅರ್ಧಕ್ಕೆ ಬರುವಷ್ಟರಲ್ಲಿ ಓಡುತ್ತಿದ್ದನು. ಕೊಳವೆಯಿಂದ ಹೊರಬೀಳದ ಮಿಕ್ಕ ಮಾತನ್ನು ಪತ್ತೆ ಹಚ್ಚುವುದು ಇಲಾಖೆಯ ಹೊಣೆಯಾದ್ದರಿಂದ ಅಂಕಯ್ಯನವರನ್ನೂ ಅವರ ಹಿಂದೆ ಕಳಿಸಲಾಯಿತು.

12. ಮೂಡಲಕೊಪ್ಪಲಿನ ಮನೆಯ ಬಾಗಿಲಲ್ಲಿ ಬೋರಯ್ಯನು ನಿಂತಿದ್ದನು. ಚಲುವಮ್ಮನು ಅವನನ್ನು ಪಕ್ಕಕ್ಕೆ ನೂಕಿ ಒಳನುಗ್ಗಿದಳು. ಮಾಯಮ್ಮನು ಒಲೆ ಮುಂದೆ ಕುಳಿತು ಊದುತ್ತಿದ್ದಳು. ತಂಗಿಯನ್ನು ನೋಡಿ ಕೊಳವೆ ಕೈಯಿಂದ ಬಿದ್ದುಹೋಯಿತು. (ಇದು ಒಲೆ ಊದುವ ಕೊಳವೆ, ಇಲಾಖೆಗೆ ಸಂಬಂಧಪಟ್ಟದ್ದಲ್ಲ.)

“ಏನಾಗದೆ ಅಕ್ಕ ನಿಂಗೆ? ಆಸ್ಪತ್ರೆಗ್ಯಾಕೆ?”

“ನಂಗೇನೇ ಆಗದೆ? ನನ್ನ ಸೊಸೇನ ಸೇರಿಸ್ತಾವ್ರೆ. ಚೊಚ್ಚಲು ಕಣೆ. ಡಾಕ್ಟ್ರು ನಾಳೀಕೆ ಬಾ ಅಂದವ್ರೆ.”

ಚಲುವಮ್ಮನು ಅಕ್ಕನ ಬೆನ್ನಿಗೆ ಒಂದು ಗುದ್ದಿ, ಆಮೇಲೆ ಅದೇ ಬೆನ್ನನ್ನು ತಬ್ಬಿಕೊಂಡು ಅತ್ತಳು. “ಮಾತ್ನ ನೆಟ್ಟಗೆ ಯೇಳಾಕಾಗಾಕಿಲ್ವಾ ನಿಂಗೆ?” ಎಂದಳು. “ನಿಮ್ ಪೈಪ್ನೋರು ಬುಟ್ರೆ ತಾನೆ!” ಎಂದು ಅಕ್ಕ ಹೇಳಿದ್ದು ದಾಖಲಾಗಿರುತ್ತದೆ. ಹೊರಗೆ ಜಗಲಿಯ ಮೇಲೆ ಇಬ್ಬರು ಷಡ್ಡಕರು, ಮುಂದೇನು ಮಾಡಬೇಕೆಂದು ತಿಳಿಯದೆ, ಅಂಕಯ್ಯನವರ ಎಡಬಲಕ್ಕೆ ನಿಂತಿದ್ದರು. ಆ ರಾತ್ರಿ ಚಲುವಮ್ಮನು ಅಕ್ಕನ ಮನೆಯಲ್ಲೇ ಉಳಿದಳು. ಹೊನ್ನಯ್ಯನು ಒಬ್ಬನೇ ಮನೆಗೆ ಹೋಗಿ, ಬೆಳಿಗ್ಗೆ ಯಾರೂ ಕರೆಯದಿದ್ದರೂ ಬಸ್ಸಿನ ಹೊತ್ತಿಗೆ ಬಂದನು.

13. ಮಂಡ್ಯಕ್ಕೆ ಹೊರಟ ಬಸ್ಸಿನಲ್ಲಿ ಬಸುರಿ ಸೊಸೆಯನ್ನು ನಡುವೆ ಕೂರಿಸಿಕೊಂಡು ಅಕ್ಕ ತಂಗಿಯರು ಒಂದು ಸೀಟಿನಲ್ಲಿ ಕುಳಿತರು. ಉಳಿದದ್ದು ಒಂದೇ ಸೀಟು. ಅದರಲ್ಲಿ ಬೋರಯ್ಯನು ಕುಳಿತಿದ್ದನು. ಹೊನ್ನಯ್ಯನು ಕೊಪ್ಪ ದಾಟುವವರೆಗೆ ಕಂಬಿ ಹಿಡಿದು ನಿಂತು, ಆಮೇಲೆ ಹೇಳಿದನು:

“ಸರ್ಕೊಳ್ಲಾ.”

“ಎಲ್ಲಿಗ್ ಸರ್ಕೊಳ್ಲಿ? ಕಿಟ್ಕಿಯಿಂದಾಚ್ಗಾ?”

“ಹ್ಞೂ, ಆಚ್ಗೇ ಓಗು.”

ಬೋರಯ್ಯನು ಸರಿದು ಕುಳಿತನು. ಬೀಗರೂಟದ ನಂತರ ಇವರಿಬ್ಬರ ನಡುವೆ ನಡೆದ ಮೊದಲ ಮಾತುಕತೆ ಇದು. ಕೊಳವೆಯಲ್ಲಿ ಹರಿಯಬೇಕಿದ್ದ ಮಾತು ಬಸ್ಸಿನಲ್ಲಿ ಹರಿದಿರುವುದರಿಂದ, ಇದನ್ನು ಸೋರಿಕೆ ಎಂದು ಪರಿಗಣಿಸಲಾಗಿದೆ. ಮರುದಿನ ಸೊಸೆಗೆ ಹೆಣ್ಣು ಮಗು ಹುಟ್ಟಿತು. ತಾಯಿ ಮಗು ಕ್ಷೇಮ.

14. ಮೇಲ್ಕಂಡ ಕಾರಣಗಳಿಂದ ಎಲ್ಲರೂ ತಪ್ಪದೆ ಪಾಲಿಸಬೇಕಾದ ನಿಯಮಗಳು:

(ಅ) ಹೊಂಬಾಳಸಮುದ್ರದ ನೀರು ಸಿಹಿಯಾಗಿರುವ ಬಗ್ಗೆ ಮುಖ್ಯ ಕಚೇರಿಯಿಂದ ಆಕ್ಷೇಪಣೆ ಬಂದಿರುತ್ತದೆ. ತಪಾಸಣೆಗೆ ಬಂದ ಅಧಿಕಾರಿಗಳ ಎದುರು ಸಾರ್ವಜನಿಕರು ನೀರನ್ನು ಕುಡಿದು ತೋರಿಸತಕ್ಕದ್ದಲ್ಲ.

(ಆ) ಸಮುದ್ರಕ್ಕಿಳಿಯುವ ಎಮ್ಮೆಗಳನ್ನು ಹಡಗುಗಳೆಂದು ಭಾವಿಸಲಾಗುವುದು. ಎದುರುಬದುರಾದಾಗ ಅವು ತಂತಮ್ಮ ಎಡಕ್ಕೆ ಸರಿಯತಕ್ಕದ್ದು. ಮುಳುಗಿ ಮೂಗು ಮಾತ್ರ ಮೇಲಿಟ್ಟುಕೊಂಡ ಎಮ್ಮೆಗಳ ಬಗ್ಗೆ ನೌಕಾಪಡೆಯ ಅಭಿಪ್ರಾಯ ಕೇಳಲಾಗಿದೆ.

(ಇ) ಎಣ್ಣೆ ಕೊಳವೆ ಎಂಬ ಹೆಸರು ಸುಳ್ಳಾಗದಂತೆ, ಮುಚ್ಚುವ ಮೊದಲು ಎರಡೂ ಬಾಯಿಗೆ ಹರಳೆಣ್ಣೆ ಸವರತಕ್ಕದ್ದು. ಮಿಕ್ಕ ಎಣ್ಣೆಯನ್ನು ಸಿಬ್ಬಂದಿಯು ತಲೆಗೆ ಹಚ್ಚಿಕೊಳ್ಳಬಾರದು.

(ಈ) ಕೊಳವೆಯಲ್ಲಿ ಸಿಕ್ಕಿಕೊಂಡಿರುವ ಅರ್ಧ ಮಾತು ಸರ್ಕಾರದ ಸ್ವತ್ತು. ಸಿಬ್ಬಂದಿಯಲ್ಲಿ ಯಾರೂ ಅದನ್ನು ಸ್ವಂತಕ್ಕೆ ಪೂರ್ಣಗೊಳಿಸತಕ್ಕದ್ದಲ್ಲ. “ಮಂಡ್ಯ ಆಸ್ಪತ್ರೇಲಿ ನನ್ನ ಕೊಡೆ ಮರೆತುಬಂದೆ” ಎಂದು ಪೂರ್ಣಗೊಳಿಸಿ ಮಧ್ಯಾಹ್ನ ಮೇಲೆ ರಜೆ ಪಡೆದ ಗುಮಾಸ್ತರು ಕೊಡೆಯನ್ನು ಹಾಜರುಪಡಿಸತಕ್ಕದ್ದು.

(ಉ) ಏರಿಯ ಮೇಲೆ ಅಕ್ಕ ತಂಗಿಯರು ಈಗ ದಿನವೂ ಓಡಾಡುತ್ತಿರುವುದರಿಂದ ಸದರಿ ಏರಿಯು ನೆಲದ ಮೇಲಿನ ಕೊಳವೆಯಾಗಿರುತ್ತದೆ. ಅದರೊಳಗೆ ಗಾಳಿ, ಬಿಸಿಲು ಬರದಂತೆ ಕ್ರಮ ಕೈಗೊಳ್ಳಲಾಗುವುದು.

15. ವಾಲ್ವಿಗೆ ಹೊಸ ಹಿಡಿ ಹಾಕಿಸಿ ತೆರೆದು, ಮಿಕ್ಕ ಮಾತನ್ನು ವಿಧಿವತ್ತಾಗಿ ಕೊಳವೆಯ ಮೂಲಕವೇ ಹರಿಸಿ, ಸರಕು ಖಾಲಿಯಾಯಿತೆಂದು ದೃಢೀಕರಿಸಿಕೊಂಡು ಮತ್ತೆ ಮುಚ್ಚಲು ನಿನ್ನೆಯ ದಿನ ಗೊತ್ತುಪಡಿಸಲಾಗಿತ್ತು. ಮಾಯಮ್ಮನು ಮೂಡಲ ಬಾಯಿಗೆ ಬಂದು “ಸೊಸೇನ ಸೇರಿಸ್ತಾವ್ರೆ” ಎಂದಷ್ಟೇ ಹೇಳಬೇಕಿತ್ತು. ಆದರೆ ಆಸ್ಪತ್ರೆಯಿಂದ ಬಂದಿದ್ದ ಮಗುವನ್ನು ಸೊಸೆ ಆಗತಾನೆ ಅತ್ತೆಯ ಕೈಗೆ ಕೊಟ್ಟಿದ್ದಳು. ಮಾಯಮ್ಮನು ಮಗುವನ್ನು ಎತ್ತಿಕೊಂಡೇ ಬಂದಳು, ಹಿಂದೆ ಬೋರಯ್ಯನೂ ಬಂದನು. ಪಡುವಲ ಬಾಯಿಯಲ್ಲಿ ಶ್ರೀ ಕಸ್ತೂರಿರಂಗ ಕಿವಿಗೊಟ್ಟು ಕಾಯುತ್ತಿದ್ದರು. ಪಕ್ಕದಲ್ಲಿ ಚಲುವಮ್ಮನೂ, ಅವಳ ಹಿಂದೆ ಹೊನ್ನಯ್ಯನೂ ಇದ್ದರು. ಮಾಯಮ್ಮನು ಬಾಯಿ ತೆರೆಯುವುದರೊಳಗೆ ಮಗು ಅತ್ತಿತು.

16. ಅಳು ಸಮುದ್ರದಡಿಯಲ್ಲಿ ಹಾದು, ಎಲ್ಲೂ ಸೋರದೆ, ಪಡುವಲ ದಂಡೆಗೆ ತಲುಪಿತು. ಹೊನ್ನಯ್ಯನು ಹೆಂಡತಿಯನ್ನೂ ಇಂಜಿನಿಯರನ್ನೂ ಸರಿಸಿ ಕೊಳವೆಗೆ ಬಾಯಿಟ್ಟು, “ಯಾಕವ್ವ? ಯಾಕೆ ನನ್ ಕೂಸೆ? ನಿಮ್ ತಾತ ಸುಮ್ಕೆ ನಿಂತವ್ನಾ? ಲೋ ಬೋರ, ಎತ್ಕಳ್ಲಾ ಮಗೀನ!” ಎಂದು ಕೂಗಿದನು. “ಎತ್ಕಂಡೇ ಇವ್ನಿ ಕಣ್ಲಾ! ನಿನ್ ದನಿ ಕೇಳಿ ಇನ್ನೂ ಜಾಸ್ತಿ ಅಳ್ತಾ ಅದೆ!” ಎಂದು, ಅಷ್ಟರಲ್ಲಿ ಮಗುವನ್ನು ಹೆಂಡತಿಯ ಕೈಯಿಂದ ತೆಗೆದುಕೊಂಡಿದ್ದ ಬೋರಯ್ಯನಿಂದ ಉತ್ತರ ಬಂತು. ವಾಲ್ವಿನ ಹೊಸ ಹಿಡಿಯನ್ನು ಹಿಡಿದು ನಿಂತಿದ್ದ ಅಂಕಯ್ಯನವರು ತಿರುಗಿಸಲೇ ಎಂದು ಕೇಳಿದರು. ಶ್ರೀ ಕಸ್ತೂರಿರಂಗ ಅವರು ನಿಯಮ ಪುಸ್ತಕ ತೆಗೆದು, ಒಳಗೆ ಸರಕು ಹರಿಯುತ್ತಿರುವಾಗ ಕೊಳವೆ ಮುಚ್ಚುವಂತಿಲ್ಲವೆಂಬ ಸಾಲನ್ನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿದರು. ನಿಯಮವನ್ನು ಅವರು ಅಷ್ಟು ಸಂತೋಷದಿಂದ ಓದಿದ್ದನ್ನು ತಾವು ಹಿಂದೆ ನೋಡಿರಲಿಲ್ಲವೆಂದು ಅಂಕಯ್ಯನವರು ಹೇಳಿಕೆ ಕೊಟ್ಟಿರುತ್ತಾರೆ.

17. ಮಗು ಈ ಸುತ್ತೋಲೆ ಬರೆಯುವ ಹೊತ್ತಿಗೂ ಆಗಾಗ ಅಳುತ್ತಿರುವುದಾಗಿ ವರದಿ ಬಂದಿದೆ. ಈ ಸರಕು ಪೂರ್ಣ ಖಾಲಿಯಾಗಲು ಎಷ್ಟು ಕಾಲ ಬೇಕೆಂದು ಊರಿನ ಅನುಭವಸ್ಥ ಹೆಂಗಸರನ್ನು ವಿಚಾರಿಸಲಾಗಿ, ಹೆಣ್ಣು ಮಗುವಾದ್ದರಿಂದ ಮದುವೆಯಾಗಿ ಗಂಡನ ಮನೆಗೆ ಹೋಗುವ ದಿನದವರೆಗಂತೂ ಖಂಡಿತವೆಂದೂ, ಆಮೇಲಿನದು ಹೇಳಲಾಗದೆಂದೂ ತಿಳಿದುಬಂದಿರುತ್ತದೆ. ಆದ್ದರಿಂದ, ಸದರಿ ಕೊಳವೆಯ ಸ್ಥಗಿತ ಕಾರ್ಯವು ಯಶಸ್ವಿಯಾಗಿ ಪ್ರಾರಂಭವಾಗಿದೆಯೆಂದು ದಾಖಲಿಸಿ, ಅದು ಮುಗಿಯುವವರೆಗೆ ಕೊಳವೆಯನ್ನು ತೆರೆದಿಡತಕ್ಕದ್ದೆಂದು ಈ ಮೂಲಕ ಆದೇಶಿಸಲಾಗಿದೆ.

(ಸಹಿ)
ಪ್ರಭಾರ ಅಧಿಕಾರಿ
(ಇಲಾಖೆಯ ಹೆಸರು ಮೊಹರಿನಲ್ಲಿ ಹಿಡಿಸಿರುವುದಿಲ್ಲ)

ಪ್ರತಿಗಳು:

1. ಮುಖ್ಯ ಕಚೇರಿಗೆ, ಮಾಹಿತಿಗಾಗಿ ಮತ್ತು ಇನ್ನು ಮುಂದೆ ಈ ವಿಷಯದಲ್ಲಿ ಪತ್ರ ಬರೆಯದಿರುವುದಕ್ಕಾಗಿ.
2. ಶ್ರೀ ಕಸ್ತೂರಿರಂಗ, ಸಹಾಯಕ ಇಂಜಿನಿಯರ್ ಅವರಿಗೆ. ತಾವು ಪಡುವಲಕೊಪ್ಪಲಿಗೆ ದಿನವೂ ತಪಾಸಣೆಗೆ ಹೋಗುವ ಅಗತ್ಯವಿಲ್ಲ, ವಾರಕ್ಕೊಮ್ಮೆ ಸಾಕು.
3. ಶ್ರೀ ಬೋರಯ್ಯ ಮತ್ತು ಶ್ರೀ ಹೊನ್ನಯ್ಯ ಅವರಿಗೆ, ಇಬ್ಬರಿಗೂ ಸೇರಿ ಒಂದೇ ಪ್ರತಿ.
4. ಶ್ರೀಮತಿ ಮಾಯಮ್ಮ ಮತ್ತು ಶ್ರೀಮತಿ ಚಲುವಮ್ಮ ಅವರಿಗೆ. ಇವರಿಗೆ ವಿಷಯ ಮೊದಲೇ ತಿಳಿದಿರುತ್ತದೆ.
5. ಎಮ್ಮೆಗಳ ಮಾಲೀಕರಿಗೆ, ಎಮ್ಮೆಗಳಿಗೆ ತಿಳಿಸುವ ಕೋರಿಕೆಯೊಂದಿಗೆ.
6. ಬಂದರು ಅಧಿಕಾರಿ, ಮಂಡ್ಯ (ಹುದ್ದೆ ಮಂಜೂರಾದ ಬಳಿಕ).